ಬರದ ನೆಲದಲ್ಲಿ ಅಶ್ವಗಂಧ: ಗೊಬ್ಬರ ಬೇರಿಗೆ ಮಾಡುವ ಉಪಕಾರ

ಕೃಷಿ ಮೇಳಗಳ ಮಳಿಗೆಗಳಲ್ಲಿ, ಔಷಧಿ ಬೆಳೆಗಾರರ ಸಭೆಗಳಲ್ಲಿ, ಈಗೀಗ ವಾಟ್ಸಾಪ್ ಗುಂಪುಗಳಲ್ಲಿಯೂ ಒಂದು ಮಾತು ಧಾರಾಳವಾಗಿ ಕೇಳಿಬರುತ್ತದೆ: ಸಾವಯವ ಗೊಬ್ಬರವನ್ನೂ ಜೀವಾಣು ಗೊಬ್ಬರವನ್ನೂ ಕೊಟ್ಟರೆ ಗಿಡ ಬರವನ್ನು ತಡೆದುಕೊಳ್ಳುತ್ತದೆ. ಮಾತಿನಲ್ಲಿ ಸತ್ಯವಿದೆ. ಆದರೆ ಎಷ್ಟು ಸತ್ಯ, ಯಾವ ದಾರಿಯಿಂದ, ಬೆಳೆಯ ಯಾವ ಹಂತದಲ್ಲಿ ಎಂದು ಕೇಳುತ್ತಾ ಹೋದರೆ ಉತ್ತರ ತೆಳುವಾಗುತ್ತದೆ. ಚಿತ್ರದುರ್ಗ ಜಿಲ್ಲೆಯ ಪೂರ್ವ ಭಾಗದ ಕೆಂಪು ಮಣ್ಣಿನಲ್ಲಿ ಮಳೆಯನ್ನೇ ನಂಬಿ ಅಶ್ವಗಂಧ ಬೆಳೆಯುವವನಾಗಿ, ಈ ವಿಷಯದಲ್ಲಿ ಓದಿ ತಿಳಿದದ್ದನ್ನೂ ಹೊಲದಲ್ಲಿ ಕಂಡದ್ದನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಅಶ್ವಗಂಧ ಸ್ವಭಾವತಃ ಒಣಭೂಮಿಯ ಗಿಡ. ಬದನೆ, ಟೊಮೆಟೊಗಳ ಕುಟುಂಬಕ್ಕೇ ಸೇರಿದ್ದರೂ ಅವುಗಳಂತೆ ಮೇಲಿಂದ ಮೇಲೆ ನೀರು ಕೇಳುವುದಿಲ್ಲ. ಹಿರೇಮದ್ದಿನ ಗಿಡವೆಂಬ ಹೆಸರಿನಲ್ಲಿ ಇದು ಬದುವಿನ ಮೇಲೆ, ಹಾಳುಗೋಡೆಯ ಬುಡದಲ್ಲಿ ತಾನಾಗಿಯೇ ಬೆಳೆದು ನಿಂತಿರುವುದನ್ನು ಬಯಲುಸೀಮೆಯ ಹಳೆಯ ತಲೆಮಾರಿನವರು ಬಲ್ಲರು. ಬೇಸಾಯಕ್ಕೆ ಬಂದಿರುವ ಜವಾಹರ್ ಅಸಗಂಧ್–20, ಪೋಷಿತಾ ಮೊದಲಾದ ತಳಿಗಳು ಸುಮಾರು 150ರಿಂದ 180 ದಿನಗಳಲ್ಲಿ ಕೀಳಲು ಬರುತ್ತವೆ. ಈ ಬೇರಿನ ದೊಡ್ಡ ಮಾರುಕಟ್ಟೆಯಿರುವ ಮಧ್ಯಪ್ರದೇಶದ ನೀಮಚ್, ಮಂದಸೌರ್ ಕಡೆಯಲ್ಲಿ ಮಳೆಗಾಲದ ಕೊನೆಯ ಭಾಗದಲ್ಲಿ ಬಿತ್ತಿ, ನೆಲದಲ್ಲಿ ಉಳಿದ ತೇವದಲ್ಲಿಯೇ ಬೆಳೆಸುವುದು ರೂಢಿ. ನಮ್ಮಲ್ಲಿಯೂ ಮಘೆ ಮಳೆಯ ಹದ ನೋಡಿಕೊಂಡು ಬಿತ್ತಿದರೆ ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ ಒಂದೆರಡಾದರೂ ಕೈಹಿಡಿಯುತ್ತವೆ ಎಂಬುದು ಲೆಕ್ಕ. ಆ ಲೆಕ್ಕ ತಪ್ಪಿದ ವರ್ಷಗಳೂ ಇವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಅಂತಹ ವರ್ಷದಲ್ಲಿ ಬರದ ಗಿಡವೂ ಎರಡು ಕಡೆ ಸೋಲುತ್ತದೆ: ಮೊಳಕೆಯೊಡೆದ ಮೊದಲ ತಿಂಗಳಲ್ಲಿ ಸಸಿಗಳು ಸುಟ್ಟುಹೋಗುತ್ತವೆ, ಅದನ್ನು ದಾಟಿದರೆ, ಬೇರು ದಪ್ಪವಾಗಬೇಕಾದ ಮೂರು-ನಾಲ್ಕನೆಯ ತಿಂಗಳಲ್ಲಿ ಅದು ದಾರದಂತೆ ಸಣಕಲಾಗಿಯೇ ಉಳಿಯುತ್ತದೆ.

ಮೊದಲು ಗೊಬ್ಬರ ಮತ್ತು ನೀರಿನ ನಂಟನ್ನು ನೋಡೋಣ. ಹೊಲಕ್ಕೆ ತಿಪ್ಪೆಗೊಬ್ಬರ ಚೆಲ್ಲಿಸುತ್ತಿದ್ದಾಗ ಪಕ್ಕದ ಹೊಲದ ತರುಣನೊಬ್ಬ, "ಇಷ್ಟು ಗೊಬ್ಬರ ಹಾಕಿದೀಯಲ್ಲಣ್ಣ, ಇನ್ನು ಮಳೆ ಕೈಕೊಟ್ರೂ ಚಿಂತೆ ಇಲ್ಲ ಬಿಡು" ಎಂದಿದ್ದ. "ಗೊಬ್ಬರ ಏನು ಕೆರೆ ಏನಪ್ಪಾ?" ಎಂದು ನಾನು ನಕ್ಕೆ. ಅವನ ನಂಬಿಕೆ ಬಹಳ ಜನರ ನಂಬಿಕೆಯೇ ಆಗಿದೆ. ಸಾವಯವ ಅಂಶ ಮಣ್ಣಿನಲ್ಲಿ ನೀರನ್ನು ಹೀರಿಟ್ಟುಕೊಂಡು ಗಿಡಕ್ಕೆ ನಿಧಾನವಾಗಿ ಉಣಿಸುತ್ತದೆ ಎಂದು ಪಾಠಗಳಲ್ಲಿಯೂ ಹೇಳುತ್ತಾರೆ. ಸಿಡ್ನಿ ವಿಶ್ವವಿದ್ಯಾಲಯದ ಮಣ್ಣು ವಿಜ್ಞಾನಿಗಳಾದ ಬುಡಿಮಾನ್ ಮಿನಾಸ್ನಿ ಮತ್ತು ಅಲೆಕ್ಸ್ ಮ್ಯಾಕ್‌ಬ್ರಾಟ್ನಿ ಈ ವಿಷಯದ ಪ್ರಕಟಿತ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2018ರಲ್ಲಿ ಲೆಕ್ಕ ಕೊಟ್ಟರು. ಮಣ್ಣಿನ ಸಾವಯವ ಇಂಗಾಲ ಮಣ್ಣಿನ ತೂಕದ ಶೇಕಡಾ 1ರಷ್ಟು ಹೆಚ್ಚಿದರೆ, ಗಿಡಕ್ಕೆ ಸಿಗುವ ನೀರು 10 ಸೆಂ.ಮೀ. ಆಳದ ಮಣ್ಣಿಗೆ ಸರಾಸರಿ 1.16 ಮಿ.ಮೀ. ಮಾತ್ರ ಹೆಚ್ಚುತ್ತದೆ, ಮರಳು ಮಣ್ಣಿನಲ್ಲಿ ಈ ಲಾಭ ತುಸು ಹೆಚ್ಚು, ಜೇಡಿಯಲ್ಲಿ ತೀರಾ ಕಡಿಮೆ.

ಇದನ್ನು ಒಂದು ಎಕರೆಗೆ ಅನ್ವಯಿಸಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಮೇಲಿನ 15 ಸೆಂ.ಮೀ. ಮಣ್ಣಿನ ತೂಕ ಎಕರೆಗೆ ಸುಮಾರು 850 ಟನ್. ಅದರ ಶೇಕಡಾ 1 ಎಂದರೆ ಎಂಟೂವರೆ ಟನ್ ಇಂಗಾಲ. ಅರ್ಧದಷ್ಟು ತೇವವಿರುವ ಕೊಟ್ಟಿಗೆ ಗೊಬ್ಬರದಲ್ಲಿ ಇಂಗಾಲ ಹತ್ತರಲ್ಲೊಂದು ಪಾಲಿನ ಆಸುಪಾಸು ಇರುತ್ತದೆಂದು ಹಿಡಿದರೆ, ಎಕರೆಗೆ 80 ಟನ್‌ಗಿಂತ ಹೆಚ್ಚು ಗೊಬ್ಬರ ಬೇಕು; ಅದೂ ನಮ್ಮ ಬಿಸಿಲಿಗೆ ಒಂದಿಷ್ಟೂ ಕರಗಿ ಹೋಗದೆ ಉಳಿದರೆ. ಇಷ್ಟೆಲ್ಲ ಮಾಡಿದ ಮೇಲೆ ಹೆಚ್ಚುವರಿಯಾಗಿ ನಿಲ್ಲುವ ನೀರು 7,000 ಲೀಟರ್, ಎಂದರೆ 2 ಮಿ.ಮೀ.ಗೂ ಕಡಿಮೆ. ಗಾಳಿ ಬೀಸುವ ಒಣ ದಿನದಲ್ಲಿ ನೆಲ ತುಂಬಿದ ಬೆಳೆಯೊಂದು 4ರಿಂದ 5 ಮಿ.ಮೀ. ನೀರನ್ನು ಆವಿಯಾಗಿ ಬಿಡುತ್ತದೆ. ಅಂದರೆ ಆ ಎಲ್ಲ ಗೊಬ್ಬರದ ಬಲದಲ್ಲಿ ಗಿಡ ಅರ್ಧ ದಿನವೂ ತಳ್ಳಲಾರದು. ಎಕರೆಗೆ ನಾಲ್ಕು-ಐದು ಟನ್ ಹಾಕಿ ಬರವನ್ನು ಗೆದ್ದೆವೆಂದು ಹೇಳುವವರು ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡಬೇಕು.

ಆದರೂ ಗೊಬ್ಬರ ಹಾಕಿದ ಹೊಲ ಹಾಕದ ಹೊಲಕ್ಕಿಂತ ತಡವಾಗಿ ಬಾಡುತ್ತದೆ. ಇದನ್ನು ಕಣ್ಣಾರೆ ಕಾಣಬಹುದು. ಕಾರಣ ಬೇರೆ ಇದೆ. ನಮ್ಮ ಕೆಂಪು ಮಣ್ಣಿನ ಮೇಲೆ ಬಿರುಮಳೆಯೊಂದು ಬಿದ್ದು ಬಿಸಿಲಾದರೆ ಮೇಲ್ಪದರ ಹೆಂಚಿನಂತೆ ಗಟ್ಟಿಯಾಗುತ್ತದೆ. ಅಶ್ವಗಂಧದ ಬೀಜವಾದರೋ ತೀರಾ ಸಣ್ಣದು, ಮರಳಿನೊಂದಿಗೆ ಬೆರೆಸಿ ಎರಚುವಂಥದ್ದು. ಅದರ ಮೊಳಕೆಗೆ ಆ ಪದರವನ್ನು ಸೀಳಿ ಬರುವ ಶಕ್ತಿಯಿಲ್ಲ. ಮುಂದಿನ ಮಳೆಯ ನೀರೂ ಅದೇ ಪದರದ ಮೇಲೆ ಜಾರಿ ಹಳ್ಳ ಸೇರುತ್ತದೆ. ಚೆನ್ನಾಗಿ ಕಳಿತ ಗೊಬ್ಬರ ಬಿದ್ದ ಕಡೆ ಮಣ್ಣಿನ ಕಣಗಳು ಹರಳುಗಟ್ಟುತ್ತವೆ, ಪದರ ತೆಳುವಾಗುತ್ತದೆ, ಬಿದ್ದ ಮಳೆಯಲ್ಲಿ ಹೆಚ್ಚಿನ ಪಾಲು ಒಳಗಿಳಿಯುತ್ತದೆ. ಒಂದೇ ಮಳೆಯಲ್ಲಿ 10 ಮಿ.ಮೀ. ಹೆಚ್ಚಾಗಿ ಇಂಗಿದರೂ ಮೇಲೆ ಹೇಳಿದ 2 ಮಿ.ಮೀ.ಯ ಐದು ಪಟ್ಟಾಯಿತು. ಇಂಗಿದ ನೀರು ಕೆಳಗಿನ ಪದರದಲ್ಲಿ ನಿಲ್ಲುತ್ತದೆ. ಬೇರು ಅಲ್ಲಿಗೆ ಹೋಗಿ ಮುಟ್ಟಬೇಕು, ಅಷ್ಟೆ. ಎರೆಹುಳು ಗೊಬ್ಬರದಲ್ಲಿರುವ ಹ್ಯೂಮಿಕ್ ಅಂಶಗಳು ಪಕ್ಕಬೇರುಗಳನ್ನು ಒಡೆಸುತ್ತವೆ ಎಂಬುದಕ್ಕೆ ಪ್ರಯೋಗಾಲಯಗಳಲ್ಲಿ ಒಳ್ಳೆಯ ಪುರಾವೆಯಿದೆ. ಆದ್ದರಿಂದ ಬರದ ದೃಷ್ಟಿಯಿಂದ ಗೊಬ್ಬರದ ಬೆಲೆಯನ್ನು ಬೇರಿನ ಲೆಕ್ಕದಲ್ಲಿ ಕಟ್ಟುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಕಳಿಯದ ಹಸಿ ಸಗಣಿಯ ವಿಷಯ ಇದಕ್ಕೆ ತದ್ವಿರುದ್ಧ. ಅದು ಗೊಣ್ಣೆಹುಳುವನ್ನೂ ಗೆದ್ದಲನ್ನೂ ಕರೆಯುತ್ತದೆ. ಹುಲ್ಲು-ಕಡ್ಡಿ ಹೆಚ್ಚಿದ್ದರೆ ಕೊಳೆಯುವಾಗ ಮಣ್ಣಿನ ಸಾರಜನಕವನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಕೋಳಿಗೊಬ್ಬರದಲ್ಲಿ ಲವಣಾಂಶ ಹೆಚ್ಚಿರುವುದರಿಂದ ಮಳೆ ಕೈಕೊಟ್ಟ ವರ್ಷ ಅದು ಎಳೆಯ ಬೇರನ್ನು ಸುಡುವುದೂ ಉಂಟು.

ಇನ್ನು ಜೀವಾಣುಗಳ ಕಡೆಗೆ ಬರೋಣ. ಇವುಗಳಲ್ಲಿ ಬರಕ್ಕೆ ಅತ್ಯಂತ ನೇರವಾಗಿ ಸಂಬಂಧಪಟ್ಟದ್ದು ಮೈಕೊರೈಜಾ. ನಮ್ಮ ಗೊಬ್ಬರದ ಅಂಗಡಿಗಳಲ್ಲಿ ಇಂದಿಗೂ 'ವ್ಯಾಮ್' ಎಂದೇ ಕೇಳಬೇಕು. ಇದು ಬೇರಿನ ಒಳಗೂ ಹೊರಗೂ ವಾಸಿಸುವ ಶಿಲೀಂಧ್ರ. ಗಿಡದಿಂದ ಸಕ್ಕರೆಯನ್ನೂ ಕೊಬ್ಬಿನಂಶವನ್ನೂ ಪಡೆದು, ಅದಕ್ಕೆ ಬದಲಾಗಿ ಮಣ್ಣಿನಿಂದ ಮುಖ್ಯವಾಗಿ ರಂಜಕವನ್ನು ತಂದುಕೊಡುತ್ತದೆ. ಮಣ್ಣಿನಲ್ಲಿ ರಂಜಕ ಚಲಿಸುವುದೇ ಕಡಿಮೆ, ಒಣಗಿದ ಮಣ್ಣಿನಲ್ಲಂತೂ ಅದು ನಿಂತೇ ಬಿಡುತ್ತದೆ. ಹಾಗಾಗಿ ಬರದಲ್ಲಿ ಗಿಡಕ್ಕೆ ನೀರಡಿಕೆಯ ಜೊತೆಗೆ ರಂಜಕದ ಹಸಿವೂ ಸೇರಿಕೊಳ್ಳುತ್ತದೆ, ಬೇರಿನ ಬೆಳವಣಿಗೆ ಅಲ್ಲಿಗೆ ಕುಂಠಿತವಾಗುತ್ತದೆ. ಬೇರು ತನ್ನ ಸುತ್ತಲಿನ ಒಂದೆರಡು ಮಿ.ಮೀ. ಮಣ್ಣನ್ನು ಬರಿದು ಮಾಡಿ ಕುಳಿತಿರುವಾಗ, ಶಿಲೀಂಧ್ರದ ಎಳೆಗಳು ಅದರಾಚೆ ಹಲವು ಸೆಂ.ಮೀ. ದೂರದವರೆಗೆ ಹಬ್ಬಿರುತ್ತವೆ. ಒಂದು ಎಳೆಯ ದಪ್ಪ ಸಾಮಾನ್ಯವಾಗಿ ಕೆಲವೇ ಮೈಕ್ರಾನ್. ಬೇರಿನ ರೋಮವೂ ತೂರಲಾಗದ ಸಂದಿಗಳಲ್ಲಿ, ಕಣಗಳ ನಡುವೆ ಅಂಟಿಕೊಂಡಿರುವ ತೆಳುವಾದ ನೀರಿನ ಪೊರೆಯವರೆಗೆ ಅದು ಹೋಗಬಲ್ಲದು.

ಇದನ್ನು ಕಣ್ಣಿನಿಂದ ನೋಡುವ ಅವಕಾಶ ನನಗೆ ಒಂದು ಪ್ರಯೋಗಾಲಯದಲ್ಲಿ ಸಿಕ್ಕಿತು. ಅಶ್ವಗಂಧದ ಸಣ್ಣ ಬೇರುಗಳನ್ನು ಪೊಟ್ಯಾಷಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬೇಯಿಸಿ ಪಾರದರ್ಶಕವಾಗಿಸಿ, ಟ್ರಿಪಾನ್ ಬ್ಲೂ ಎಂಬ ನೀಲಿ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ, ಬೇರಿನ ಕೋಶಗಳ ಒಳಗೆ ಕೊಂಬೆಕೊಂಬೆಯಾಗಿ ಕವಲೊಡೆದ ಪುಟ್ಟ ಪುಟ್ಟ ಪೊದೆಗಳೂ, ಅವುಗಳ ನಡುವೆ ಮೊಟ್ಟೆಯಾಕಾರದ ಚೀಲಗಳೂ ಕಂಡವು. ಕೊಡುಕೊಳ್ಳುವ ವ್ಯವಹಾರ ನಡೆಯುವುದು ಆ ಪೊದೆಗಳಲ್ಲಿ. ಚೀಲಗಳು ಶಿಲೀಂಧ್ರದ ಉಗ್ರಾಣ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಬಾಗ್ಯರಾಜ್ ಅವರು ದಶಕಗಳ ಕಾಲ ಈ ಶಿಲೀಂಧ್ರಗಳ ಮೇಲೆ ನಡೆಸಿದ ಕೆಲಸದಿಂದಾಗಿ, ಈ ವಿದ್ಯೆಯಲ್ಲಿ ಕರ್ನಾಟಕಕ್ಕೆ ಒಂದು ಹೆಸರೂ ಇದೆ.

ಮೈಕೊರೈಜಾ ಬಳಕೆಯಲ್ಲಿ ಮೂರು ಸಂಗತಿಗಳನ್ನು ಮರೆಯಬಾರದು. ಅವುಗಳನ್ನು ಮರೆತ ಕಡೆ ಪೊಟ್ಟಣದ ಹಣ ಮಣ್ಣುಪಾಲಾಗುತ್ತದೆ. ಮೊದಲನೆಯದು, ಇದು ಜೀವಂತ ಬೇರಿಲ್ಲದೆ ಬೆಳೆಯುವುದಿಲ್ಲ. ಬೇರುಕೊಳೆ ತಡೆಯಲು ಬಳಸುವ ಟ್ರೈಕೊಡರ್ಮಾ ಎಂಬ ಇನ್ನೊಂದು ಶಿಲೀಂಧ್ರವನ್ನು ಕೊಟ್ಟಿಗೆ ಗೊಬ್ಬರಕ್ಕೂ ಬೇವಿನ ಹಿಂಡಿಗೂ ಬೆರೆಸಿ, ಗೋಣಿತಾಟು ಹೊದಿಸಿ, ನೆರಳಿನಲ್ಲಿ ಎರಡು ವಾರ ತೇವವಾಗಿಟ್ಟರೆ ಅದು ಹಸಿರಾಗಿ ಹಬ್ಬುತ್ತದೆ; ಅದೇ ರೀತಿ ವ್ಯಾಮ್ ಕೂಡ ಹೆಚ್ಚುತ್ತದೆಂದು ಅದನ್ನೂ ಆ ರಾಶಿಗೇ ಸುರಿಯುವವರು ಬಹಳ ಮಂದಿ. ವ್ಯಾಮ್ ಹೆಚ್ಚಿಸಬೇಕೆಂದರೆ ರಾಗಿಯನ್ನೋ ಜೋಳವನ್ನೋ ಆಶ್ರಯ ಬೆಳೆಯಾಗಿ ಬೆಳೆಸಬೇಕು. ಪ್ಲಾಸ್ಟಿಕ್ ಹಾಳೆ ಹಾಸಿದ ಪುಟ್ಟ ಗುಳಿಯಲ್ಲಿ ಮರಳು ಮಿಶ್ರಿತ ಮಣ್ಣು ತುಂಬಿ, ಕೊಂಡು ತಂದ ವ್ಯಾಮ್ ಗೊಬ್ಬರವನ್ನು ಪದರವಾಗಿ ಹರಡಿ, ಅದರ ಮೇಲೆ ರಾಗಿ ಬಿತ್ತಿ ಎರಡು-ಮೂರು ತಿಂಗಳು ಬೆಳೆಸಿ, ಕೊನೆಯ ಹತ್ತು ದಿನ ನೀರು ನಿಲ್ಲಿಸಬೇಕು. ನೀರಡಿಕೆ ತಟ್ಟಿದಾಗ ಶಿಲೀಂಧ್ರ ಬೀಜಕಣಗಳನ್ನು ಹೆಚ್ಚಾಗಿ ಕಟ್ಟುತ್ತದೆ. ಆಮೇಲೆ ಮೇಲಿನ ಪೈರನ್ನು ಕೊಯ್ದು, ಬೇರನ್ನು ಸಣ್ಣಗೆ ಕತ್ತರಿಸಿ ಅದೇ ಮಣ್ಣಿನೊಂದಿಗೆ ಬೆರೆಸಿದರೆ ಗೊಬ್ಬರ ಸಿದ್ಧ.

ಎರಡನೆಯದು, ಡಿಎಪಿಯಂತಹ ಗೊಬ್ಬರದಿಂದ ರಂಜಕ ಸುಲಭವಾಗಿ ಸಿಕ್ಕಾಗ ಗಿಡ ಈ ಶಿಲೀಂಧ್ರಕ್ಕೆ ಬಾಗಿಲು ಹಾಕುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಮೊಳಕೆಯಾದ ಮೇಲೆ ಬೇರಿನಲ್ಲಿ ಇದು ನೆಲೆಯೂರಲು ಮೂರು-ನಾಲ್ಕು ವಾರ ಬೇಕು. ಆದ್ದರಿಂದ ಮೊದಲ ತಿಂಗಳ ಬರಕ್ಕೆ ಮೈಕೊರೈಜಾ ಮದ್ದಲ್ಲ. ಅದರ ಉಪಕಾರವೆಲ್ಲ ಬೇರು ದಪ್ಪವಾಗುವ ಕಾಲದ್ದು. ಎಳೆಯ ಸಸಿಯನ್ನು ಕಾಯುವುದು ಸಾಲುಗಳ ನಡುವಿನ ಹೊದಿಕೆ, ಸಕಾಲಕ್ಕೆ ಆಡಿಸಿದ ಎಡೆಕುಂಟೆ, ಸಾಧ್ಯವಿದ್ದರೆ ಕೃಷಿಹೊಂಡದಿಂದ ಒಂದು ತೆಳು ನೀರು.

ಬ್ಯಾಕ್ಟೀರಿಯಾಗಳ ಉಪಾಯ ಬೇರೆ ಬಗೆಯದು. ನೀರಿನ ಕೊರತೆ ತಟ್ಟಿದಾಗ ಗಿಡ ತನ್ನೊಳಗೆ ಎಥಿಲೀನ್ ಎಂಬ ಅನಿಲವನ್ನು ಹೆಚ್ಚಿಸಿಕೊಳ್ಳುತ್ತದೆ. ಅದರಿಂದ ಬೇರಿನ ಬೆಳವಣಿಗೆ ತಗ್ಗುತ್ತದೆ, ಎಲೆ ಹಣ್ಣಾಗಿ ಉದುರುತ್ತದೆ. ಎಥಿಲೀನ್ ಆಗುವ ಮುಂಚಿನ ರೂಪವನ್ನು ಎಸಿಸಿ ಎನ್ನುತ್ತಾರೆ. ಬೇರಿನ ಮೈಗೆ ಅಂಟಿಕೊಂಡಿರುವ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಈ ಎಸಿಸಿಯನ್ನು ಒಡೆದು ಅಮೋನಿಯಾ ಮಾಡಿ ತಿನ್ನುವ ಕಿಣ್ವವಿದೆ. ಅವು ತಿಂದಷ್ಟೂ ಗಿಡದ ಗಾಬರಿ ಇಳಿಯುತ್ತದೆ, ಬೇರು ಇನ್ನಷ್ಟು ದಿನ ಕೆಳಗಿಳಿಯುತ್ತದೆ. ಕೆನಡಾದ ಬರ್ನಾರ್ಡ್ ಗ್ಲಿಕ್ ಈ ವಿವರಣೆಯನ್ನು ಮುಂದಿಟ್ಟವರು. ಇಸ್ರೇಲಿನ ಅರಾವಾ ಮರುಭೂಮಿಯ ಒಣ ಹೊಳೆಪಾತ್ರದ ಮಣ್ಣಿನಿಂದ ತೆಗೆದ ಒಂದು ಬ್ಯಾಕ್ಟೀರಿಯಾ ಟೊಮೆಟೊ ಮತ್ತು ಮೆಣಸಿನ ಸಸಿಗಳನ್ನು ನೀರಿಲ್ಲದ ದಿನಗಳಲ್ಲಿ ಹೇಗೆ ಕಾಯಿತೆಂಬುದನ್ನು ಅವರ ತಂಡ 2004ರಲ್ಲಿ ಪ್ರಕಟಿಸಿತು. ಟೊಮೆಟೊ ಅಶ್ವಗಂಧದ ದಾಯಾದಿಯಾದ್ದರಿಂದ ಈ ಕೆಲಸದ ಬಗ್ಗೆ ನನಗೆ ವಿಶೇಷ ಆಸಕ್ತಿ. ನಮ್ಮಲ್ಲಿ ಸುಲಭವಾಗಿ ಸಿಗುವ ಅಜೋಸ್ಪಿರಿಲಂ ಹೆಚ್ಚಾಗಿ ಬೇರು ಕವಲೊಡೆಸುವ ಹಾರ್ಮೋನಿನಿಂದ ಕೆಲಸ ಮಾಡುತ್ತದೆ; ಸ್ಯೂಡೋಮೊನಾಸ್ ಗುಂಪಿನ ಕೆಲವು ತಳಿಗಳು ಲೋಳೆಯಂತಹ ಅಂಟನ್ನು ಸ್ರವಿಸಿ ಬೇರಿಗೆ ಮಣ್ಣಿನ ಕವಚವನ್ನು ಹೊದಿಸುತ್ತವೆ. ಒಣ ದಿನದಲ್ಲಿ ಗಿಡ ಕಿತ್ತಾಗ ಸಣ್ಣ ಬೇರಿಗೆ ಮಣ್ಣು ಅಂಗಿಯ ತೋಳಿನಂತೆ ಸುತ್ತ ಅಂಟಿಕೊಂಡೇ ಬಂದರೆ ಅದು ಒಳ್ಳೆಯ ಲಕ್ಷಣ. ಬೇರು ಬೋಳಾಗಿ ಬಂದರೆ ಆ ಬೇರಿಗೂ ಮಣ್ಣಿಗೂ ಸಂಪರ್ಕ ತಪ್ಪಿದೆ ಎಂದೇ ತಿಳಿಯಬೇಕು.

ಈ ಜೀವಾಣುಗಳೆಲ್ಲ ಬಿಸಿಲಿಗೆ ಸಾಯುವಂಥವು. ನಮ್ಮ ಕಡೆ ಮಧ್ಯಾಹ್ನದ ಬರಿನೆಲ ಬರಿಗಾಲಿನಲ್ಲಿ ನಿಲ್ಲಲಾಗದಷ್ಟು ಕಾಯುತ್ತದೆ. ಅದರ ಮೇಲೆ ಒಣಪುಡಿಯನ್ನು ಎರಚಿದರೆ ಸಂಜೆಗೆ ಉಳಿಯುವುದು ಜೀವಾಣುಗಳನ್ನು ಬೆರೆಸಿಟ್ಟಿದ್ದ ಬರೀ ಲಿಗ್ನೈಟ್ ಎಂಬ ಕಲ್ಲಿದ್ದಲಿನ ಪುಡಿ. ಬೀಜಕ್ಕೆ ಗಂಜಿಯ ಅಂಟಿನೊಂದಿಗೆ ಲೇಪಿಸಿ ನೆರಳಿನಲ್ಲಿ ಆರಿಸಿ ಅಂದೇ ಬಿತ್ತುವುದು, ಇಲ್ಲವೇ ಜರಡಿ ಹಿಡಿದ ಕಳಿತ ಗೊಬ್ಬರದಲ್ಲಿ ಬೆರೆಸಿ ಒಂದು ವಾರ ತೇವವಾಗಿಟ್ಟು, ಮೋಡವಿದ್ದಾಗಲೋ ಇಳಿಹೊತ್ತಿನಲ್ಲೋ ಸಾಲಿಗೆ ಕೊಡುವುದು ಸರಿಯಾದ ಕ್ರಮ. ಪೊಟ್ಟಣ ಕೊಳ್ಳುವಾಗ ತಯಾರಾದ ದಿನಾಂಕ ನೋಡಬೇಕು. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪುಡಿ ರೂಪದ ಬ್ಯಾಕ್ಟೀರಿಯಾ ಗೊಬ್ಬರದಲ್ಲಿ ಗ್ರಾಮಿಗೆ ಕನಿಷ್ಠ 5 ಕೋಟಿ, ದ್ರವ ರೂಪದಲ್ಲಿ ಮಿಲಿಲೀಟರಿಗೆ ಕನಿಷ್ಠ 10 ಕೋಟಿ ಜೀವಂತ ಕೋಶಗಳಿರಬೇಕು. ತಗಡಿನ ಮಾಡಿನ ಅಂಗಡಿಯಲ್ಲಿ ಒಂದು ಬೇಸಿಗೆ ಕಳೆದ ಪೊಟ್ಟಣದಲ್ಲಿ ಅಷ್ಟು ಉಳಿದಿರುತ್ತವೆಂದು ನಾನಂತೂ ನಂಬುವುದಿಲ್ಲ.

ಸಗಣಿ, ಗಂಜಲ, ಬೆಲ್ಲ, ಹಿಟ್ಟುಗಳನ್ನು ನೀರಿನಲ್ಲಿ ಕದಡಿ ಹುಳಿಸಿದ ಜೀವಾಮೃತದ ಬಗ್ಗೆ ಕೇಳುವವರು ಬಹಳ. ಎಕರೆಗೆ 10 ಕೆ.ಜಿ. ಸಗಣಿಯ ಲೆಕ್ಕದ ಆ 200 ಲೀಟರಿನಲ್ಲಿ ಪೋಷಕಾಂಶ ಅತ್ಯಲ್ಪ. ಹಸಿ ನೆಲ, ಹೊದಿಕೆ, ಕೊಳೆಯಲು ಕಸಕಡ್ಡಿ ಇದ್ದ ಕಡೆ ಅದು ಕೊಳೆಯುವಿಕೆಗೆ ಚಾಲನೆ ಕೊಡಬಹುದು. ಬಿರುಕುಬಿಟ್ಟ ಒಣನೆಲಕ್ಕೆ ಅದನ್ನು ಎರೆಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಔಷಧಿ ಬೆಳೆಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ, ಅದು ರಾಗಿ-ಜೋಳಕ್ಕಿಲ್ಲ. ಅಶ್ವಗಂಧದ ಬೇರಿನ ಬೆಲೆಗೆ ಮೂಲವಾದ ವಿಥಾನೊಲೈಡ್‌ಗಳು ಗಿಡ ತನ್ನ ರಕ್ಷಣೆಗಾಗಿ ಮಾಡಿಕೊಳ್ಳುವ ವಸ್ತುಗಳು. ಹದವಾದ ನೀರಡಿಕೆಯಲ್ಲಿ ಇಂತಹ ವಸ್ತುಗಳ ಪ್ರಮಾಣ ಸಾಮಾನ್ಯವಾಗಿ ಏರುತ್ತದೆ. ಹಾಗಾದರೆ ಬರದಿಂದ ಗಿಡವನ್ನು ಕಾಯುವುದೇ ತಪ್ಪಲ್ಲವೇ ಎಂದು ಕೇಳಬಹುದು. ಉದಾಹರಣೆಗೆ, ಒಂದು ಎಕರೆಯಲ್ಲಿ 200 ಕೆ.ಜಿ. ಒಣಬೇರು ಬಂದು ಅದರಲ್ಲಿ ಶೇಕಡಾ 0.3ರಷ್ಟು ಸಾರವಿದ್ದರೆ ಒಟ್ಟು 600 ಗ್ರಾಂ ಆಯಿತು. ಬರಕ್ಕೆ ಸಿಕ್ಕಿ ಬೇರು 120 ಕೆ.ಜಿ.ಗೆ ಇಳಿದು ಸಾರ ಶೇಕಡಾ 0.4ಕ್ಕೆ ಏರಿದರೂ ಸಿಗುವುದು 480 ಗ್ರಾಂ. ಮೇಲಾಗಿ ಮಂಡಿಯಲ್ಲಿ ಬೇರನ್ನು ಅಳೆಯುವುದು ಉದ್ದ-ದಪ್ಪದಿಂದ: ಏಳು ಸೆಂ.ಮೀ. ಉದ್ದ, ಒಂದರಿಂದ ಒಂದೂವರೆ ಸೆಂ.ಮೀ. ದಪ್ಪದ, ಮುರಿದರೆ ಟಕ್ಕೆಂದು ಮುರಿದು ಒಳಗೆ ಹಿಟ್ಟಿನಂತೆ ಬೆಳ್ಳಗಿರುವ ಬೇರು ಮೊದಲ ದರ್ಜೆಯದು. ಸಣಕಲು ತುಂಡುಗಳು ಕೊನೆಯ ದರ್ಜೆಗೆ ಹೋಗುತ್ತವೆ. ಆದುದರಿಂದ ರೈತನಿಗೆ ಬೇಕಾದದ್ದು ಗಿಡಕ್ಕೆ ನೀರಡಿಕೆ ತಟ್ಟಿದರೂ ಬೇರು ದಪ್ಪವಾಗುವುದು ನಿಲ್ಲದಂತಹ ಸ್ಥಿತಿ. ಸಾರಜನಕ ಮಿತಿಮೀರಿ ಕೊಟ್ಟು ಸೊಪ್ಪು ಬೆಳೆಸಿದ ಗಿಡ ಈ ಸ್ಥಿತಿಗೆ ಬರುವುದಿಲ್ಲ. ಎಲೆ ಹೆಚ್ಚಿದಷ್ಟೂ ಅದು ನೆಲದ ತೇವವನ್ನು ಬೇಗ ಕುಡಿದು ಮುಗಿಸುತ್ತದೆ.

ಎಲ್ಲ ಔಷಧಿ ಗಿಡಕ್ಕೂ ಒಂದೇ ಮಾತು ಹೊಂದುವುದಿಲ್ಲ. ಸೋನಾಮುಖಿ ದ್ವಿದಳ ಜಾತಿಯದೆಂದು ಅದಕ್ಕೆ ಬೇರುಗಂಟುಗಳಲ್ಲಿ ನೆಲೆಸಿ ಸಾರಜನಕ ಕೊಡುವ ರೈಜೋಬಿಯಂ ಬ್ಯಾಕ್ಟೀರಿಯಾ ಕೊಡಲು ಹೇಳುವವರಿದ್ದಾರೆ; ಅದರ ಬೇರಿನಲ್ಲಿ ಗಂಟುಗಳೇ ಕಟ್ಟುವುದಿಲ್ಲವಾದ್ದರಿಂದ ಆ ಖರ್ಚು ವ್ಯರ್ಥ. ಬೆಳಗಾವಿ ಕಡೆಯ ಮಾಕಂದಿ ಬೇರಿಗೆ (ಕೋಲಿಯಸ್) ಬರಕ್ಕಿಂತ ಬೇರುಕೊಳೆ ದೊಡ್ಡ ಶತ್ರು. ಅಲ್ಲಿ ಟ್ರೈಕೊಡರ್ಮಾ ಮತ್ತು ಮೈಕೊರೈಜಾಗಳ ಜೋಡಿಯನ್ನು ರೋಗದ ದೃಷ್ಟಿಯಿಂದಲೇ ಬಳಸಬೇಕು. ನಗರದ ಕಸದಿಂದ ಮಾಡಿದ ಕಾಂಪೋಸ್ಟ್ ಅಗ್ಗವಾಗಿ ಸಿಗುತ್ತದೆಂದು ಔಷಧಿ ಬೇರಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಆಯುರ್ವೇದದ ಕಚ್ಚಾವಸ್ತುವಿನಲ್ಲಿ ಸೀಸ 10 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 10 ಪಾಲು), ಕ್ಯಾಡ್ಮಿಯಂ 0.3 ಪಿಪಿಎಂ ಮೀರಬಾರದೆಂಬ ಮಿತಿಯಿದೆ. ಖರೀದಿದಾರರ ಪರೀಕ್ಷೆಯಲ್ಲಿ ಇದು ಮೀರಿದರೆ ಇಡೀ ಮಾಲು ವಾಪಸು ಬರುತ್ತದೆ.

ಸಂಶೋಧನೆಗಳನ್ನು ಓದುವಾಗ ಒಂದು ಎಚ್ಚರಿಕೆ ಬೇಕು. ಬರ ಮತ್ತು ಜೀವಾಣುಗಳ ಬಹುಪಾಲು ಪ್ರಯೋಗಗಳು ಕುಂಡದಲ್ಲಿ, ಹಬೆಯಿಂದ ಶುದ್ಧಗೊಳಿಸಿದ ಮಣ್ಣಿನಲ್ಲಿ ನಡೆದವು. ಹೊಲದಲ್ಲಿ ಆಗಲೇ ಸ್ಥಳೀಯ ಶಿಲೀಂಧ್ರಗಳು ನೆಲೆಸಿರುತ್ತವೆ, ಹೊಸದಾಗಿ ಬಂದದ್ದು ಅವುಗಳ ಜೊತೆ ಸೆಣಸಬೇಕು. ಸಜ್ಜೆ, ಜೋಳ, ತೊಗರಿ ಬೆಳೆದ ಹೊಲದಲ್ಲಿ ಅವು ಸಾಕಷ್ಟಿರುತ್ತವೆ. ವರ್ಷಗಟ್ಟಲೆ ಬೀಳುಬಿಟ್ಟ, ಅಥವಾ ಮೈಕೊರೈಜಾವನ್ನು ತನ್ನ ಬೇರಿಗೆ ಸೇರಿಸಿಕೊಳ್ಳದ ಸಾಸಿವೆಯನ್ನು ಬೆಳೆದ ನೆಲದಲ್ಲಿ ಕಡಿಮೆ. ಪೊಟ್ಟಣದ ಮೈಕೊರೈಜಾ ಹೆಚ್ಚು ಪ್ರಯೋಜನ ಕೊಡುವುದು ಈ ಎರಡನೆಯ ಬಗೆಯ ನೆಲದಲ್ಲಿ. ನಿಮ್ಮ ಹೊಲ ಯಾವುದಕ್ಕೆ ಸೇರಿದೆಯೆಂದು ತಿಳಿಯಲು, ಗೊಬ್ಬರ ಕೊಡುವಾಗ ಒಂದು ಪಟ್ಟಿಯನ್ನು ಬರಿದೇ ಬಿಡಿ. ಆ ಪಟ್ಟಿ ಇಳಿಜಾರಿನ ಮೇಲಿಂದ ಕೆಳಗಿನವರೆಗೆ ಉದ್ದಕ್ಕೆ ಇರಲಿ. ಇಳಿಜಾರಿಗೆ ಅಡ್ಡವಾಗಿ ಬಿಟ್ಟರೆ ಕೆಳಬದಿಯ ತೇವವನ್ನೇ ಗೊಬ್ಬರದ ಗುಣವೆಂದು ಭ್ರಮಿಸುವ ಸಂಭವವಿದೆ. ಮಳೆ ನಿಂತು ಎರಡು-ಮೂರು ವಾರವಾದ ಮೇಲೆ ಮಧ್ಯಾಹ್ನದ ಬಾಡುವಿಕೆಯನ್ನು ನೋಡಬೇಡಿ, ಎಲ್ಲ ಗಿಡಗಳೂ ಆಗ ಬಾಡುತ್ತವೆ. ಬೆಳಗಿನ ಜಾವ ಎದ್ದು ನೋಡಿದರೆ, ರಾತ್ರಿಯಲ್ಲಿ ಚೇತರಿಸಿಕೊಂಡ ಗಿಡ ಯಾವುದು, ಸೂರ್ಯ ಹುಟ್ಟುವಾಗಲೂ ಎಲೆ ಇಳಿಬಿಟ್ಟಿರುವುದು ಯಾವುದು ಎಂಬುದು ತಿಳಿಯುತ್ತದೆ. ಎರಡೂ ಕಡೆಯಿಂದ ಕೆಲವು ಗಿಡಗಳನ್ನು ಸಲಿಕೆಯಿಂದ ಅಗೆದು ತೆಗೆದು ಬೇರಿನ ಆಳವನ್ನೂ, ದಪ್ಪವನ್ನೂ, ಅಂಟಿಕೊಂಡ ಮಣ್ಣನ್ನೂ ಹೋಲಿಸಿ ನೋಡಿ. ಕೈಯಿಂದ ಎಳೆದರೆ ಸಣ್ಣ ಬೇರುಗಳೆಲ್ಲ ನೆಲದಲ್ಲಿಯೇ ಕಿತ್ತು ಉಳಿದುಬಿಡುತ್ತವೆ.